ಬೂದಿಗುಡ್ಡ ಹೇಳುವ ಚರಿತ್ರೆ

(ವಿದ್ಯಾರ್ಥಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



'ನಿಮಗೆಲ್ಲಿಯ ಚರಿತ್ರೆ?' ಅಂತ ನಮ್ಮನ್ನು ಕೇಳುವವರಿದ್ದಾರೆ. ಅವರಿಗೆ ಚರಿತ್ರೆ ಅಂದರೆ ಶಾಸನ, ತಾಮ್ರಪಟ, ಓಲೆಗರಿ. ನಮ್ಮವರನ್ನು ಅಕ್ಷರದಿಂದ ದೂರ ಇಟ್ಟು, ಆಮೇಲೆ 'ನೀವು ಬರೆದಿಟ್ಟದ್ದೆಲ್ಲಿ?' ಅಂತ ಕೇಳುವುದು ಯಾವ ನ್ಯಾಯ?

ಕರ್ನಾಟಕದಲ್ಲಿ ನಾವು ಓದಬಲ್ಲ ಅತಿ ಹಳೆಯ ಬರಹ ಅಶೋಕನ ಶಾಸನಗಳು. ಅವಕ್ಕೆ ಸುಮಾರು 2,250 ವರ್ಷ. ಆದರೆ ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಕಲ್ಲೊಡೆದು ಆಯುಧ ಮಾಡಿದ್ದು ಸುಮಾರು 12 ಲಕ್ಷ ವರ್ಷದ ಹಿಂದೆ ಎಂದು ಅಂದಾಜು. ಮನುಷ್ಯನ ಬದುಕಿನ ಬಹುಪಾಲು ಅಕ್ಷರವೇ ಇಲ್ಲದ ಕಾಲದ್ದು. ಅದೇ ಪ್ರಾಗಿತಿಹಾಸ.

ಅದನ್ನು ಓದುವುದು ಹೇಗೆ? ಬಳ್ಳಾರಿ, ರಾಯಚೂರು, ಸುರಪುರದ ಕಡೆ ಬೂದಿಗುಡ್ಡಗಳಿವೆ. ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಅಂತಾರೆ. ಪುರಾಣ ಹಾಗೆ ಹೇಳಿ ಸುಮ್ಮನಾಯಿತು. ಗುದ್ದಲಿ ಸುಮ್ಮನಾಗಲಿಲ್ಲ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಗುಡ್ಡ ಅಗೆದರು. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು, ಬೇಲಿಗಂಬ ನೆಟ್ಟ ಕುಳಿ ಸಿಕ್ಕವು. ಅದು ಯಾರ ಚಿತೆಯೂ ಅಲ್ಲ. ದನದ ದೊಡ್ಡಿ, ಸುಟ್ಟ ಸಗಣಿ. ಇದ್ದಿಲಲ್ಲಿರುವ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ಕಾಲ ಗೊತ್ತಾಗುತ್ತದೆ. ಈ ದೊಡ್ಡಿಗಳಿಗೆ 4,000 ವರ್ಷಕ್ಕೂ ಹೆಚ್ಚು.

1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆಸಿದರು. ಅಲ್ಲಿ ದನ ಕಡಿದು ಮಾಂಸ ಹಸನು ಮಾಡಿದ ನೆಲವೇ ಸಿಕ್ಕಿತು. ಮೂಳೆ, ಕಲ್ಲಿನ ಅಲಗು ಸಮೇತ. ವಾಸದ ಜಾಗ, ದೊಡ್ಡಿ, ಕಡಿಯುವ ಜಾಗ ಎಲ್ಲ ಒಂದೇ ನೆಲೆಯಲ್ಲಿ. ದನ ಸಾಕಿ ಬದುಕಿದವರ ನೆಲೆಯಲ್ಲೇ ದನದ ಮಾಂಸವೂ ಇತ್ತು. 'ದನ ತಿನ್ನೋರು' ಅಂತ ಹಂಗಿಸುವವರಿಗೆ ಈ ನೆಲವನ್ನು ತೋರಿಸಿ.

ಆದರೆ ಒಂದು ಎಚ್ಚರ. ಅವರೆಲ್ಲ ನಮ್ಮ ಜಾತಿಯವರೇ ಅಂತ ಹೇಳಬೇಡಿ. ಮೂಳೆಯ ಮೇಲೆ ಜಾತಿ ಬರೆದಿರುವುದಿಲ್ಲ. ಹಾಗೆ ಹೇಳಿದರೆ ನಾವೂ ಒಂದು ಪುರಾಣ ಕಟ್ಟಿದ ಹಾಗೆ. ಜಾತಿ ಮನುಷ್ಯನ ಜೊತೆ ಹುಟ್ಟಿದ್ದಲ್ಲ, ಆಮೇಲೆ ಬಂದದ್ದು. ಬಂದದ್ದು ಹೋಗಲೂಬೇಕು. ನಮಗೆ ಇಷ್ಟು ಸಾಕು.

ಅಗೆಯುವ ಕಡೆ ಮಣ್ಣು ಹೊರುವವರು ಕೂಲಿಯವರು, ಪುಸ್ತಕ ಬರೆಯುವವರು ಬೇರೆ. ಇದು ಬದಲಾಗಬೇಕು. ನಿಮ್ಮಲ್ಲಿ ನಾಲ್ಕು ಜನವಾದರೂ ಪುರಾತತ್ವ ಓದಿ. ನಿಮ್ಮೂರ ಬೂದಿಗುಡ್ಡವನ್ನು ಗೊಬ್ಬರಕ್ಕೆ ಅಗೆಯುತ್ತಿದ್ದರೆ ತಡೆಯಿರಿ. ಅಕ್ಷರವಿಲ್ಲದವರು ಬಿಟ್ಟುಹೋದ ದಾಖಲೆ ಅದು.

ಜೈ ಭೀಮ್.