ಟಾರ್ಗೆಟ್ ಮುಟ್ಟಿದ ಮೇಲೂ ಕೆಲಸ ಬಿಟ್ಟೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)

ವೇದಿಕೆಯ ಹಿರಿಯರೊಬ್ಬರು ಫೋನ್ ಮಾಡಿ "ಕೆಲಸ ಬದಲಿಸಿದ ಅನುಭವ ಹೇಳಮ್ಮ" ಅಂದಾಗ ಹಿಂಜರಿದೆ. ಕೆಲಸ ಸಿಕ್ಕಿದ್ದನ್ನು ನಾವು ನಾಲ್ಕು ಮನೆಗೆ ಹೇಳುತ್ತೇವೆ, ಬಿಟ್ಟದ್ದನ್ನು ಮೈಕ್ ಹಿಡಿದು ಹೇಳುವ ರೂಢಿ ಇಲ್ಲ.

ನಾನು ಓದಿದ್ದು ಎಂ.ಟೆಕ್. ಮೊದಲು ಕೋಡ್ ಬರೆಯುತ್ತಿದ್ದೆ, ಆಮೇಲೆ ಗ್ರಾಹಕರಿಗೆ ಡೆಮೊ ತೋರಿಸುವ ಪ್ರೀಸೇಲ್ಸ್, ಅಲ್ಲಿಂದ ಸೇಲ್ಸ್. ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾರುವುದು. ಚಾಕಣ, ಭೋಸರಿ, ಕೊಲ್ಹಾಪುರ, ಬೆಳಗಾವಿ ಎಂದು ಓಡಾಟ. "ಇಷ್ಟ ಓದಿ ಸಾಮಾನ ಮಾರಾಕ ಹೋಗ್ತೀಯೇನ?" ಎಂದು ಧಾರವಾಡದಲ್ಲಿರುವ ಅವ್ವ ಈಗಲೂ ಕೇಳುತ್ತಾಳೆ.

ಹಳೆಯ ಕಂಪನಿಯ ಹೆಸರು ಬೇಡ. ಸೋಮವಾರದ ಮೀಟಿಂಗ್‌ನಲ್ಲಿ ಹಿಂದೆ ಬಿದ್ದವರ ಹೆಸರು ಕೆಂಪಕ್ಷರದಲ್ಲಿ ಪರದೆ ಮೇಲೆ ಬರುತ್ತಿತ್ತು, ಮ್ಯಾನೇಜರ್ ಒಬ್ಬೊಬ್ಬರನ್ನೇ ಎಬ್ಬಿಸಿ ಬೈಯುತ್ತಿದ್ದರು. ಮಗನಿಗೆ ಜ್ವರ ಬಂದ ದಿನವೂ ರಾತ್ರಿ ಹನ್ನೊಂದಕ್ಕೆ ಕಾಲ್. ಇವೆಲ್ಲ ಅಭ್ಯಾಸವಾಗಿಬಿಡುತ್ತವೆ. ನನಗೂ ಆಗಿತ್ತು.

ಆದರೆ 2022ರ ಮಾರ್ಚ್‌ನಲ್ಲಿ ನಡೆದದ್ದು ಅಭ್ಯಾಸವಾಗಲಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯವರು ತೂಕದ ಯಂತ್ರದ ಲೆಕ್ಕ ನೇರವಾಗಿ ಸಾಫ್ಟ್‌ವೇರ್‌ಗೆ ಸೇರುತ್ತದೆಯೇ ಎಂದು ಕೇಳಿದರು. ಆ ಭಾಗ ಇನ್ನೂ ತಯಾರಾಗಿರಲಿಲ್ಲ, ಕೋಡ್ ಓದಬಲ್ಲ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಮ್ಯಾನೇಜರ್ "ಇದೆ ಅನ್ನು, ಸಹಿ ಆಗಲಿ" ಅಂದರು. ನಾನು ಇದೆ ಅಂದೆ. ಸಹಿಯಾಯಿತು, ನನ್ನ ಟಾರ್ಗೆಟ್ ಮುಟ್ಟಿತು, ಆಫೀಸಿನಲ್ಲಿ ಕೇಕ್ ಕತ್ತರಿಸಿದರು.

ಜೂನ್‌ನಲ್ಲಿ ಫೌಂಡ್ರಿ ಮಾಲೀಕರ ಫೋನ್. "ಮೇಡಂ, ನೀವು ಹೇಳಿದ್ರಿ ಅಂತ ತಗೊಂಡ್ವಿ. ಈಗ ನಡಿಯಾಂಗಿಲ್ಲ ಅಂದ್ರ ಹೆಂಗ್ರಿ?" ಅವರ ಫೋನ್ ಎತ್ತಬೇಡ ಎಂದು ನನಗೆ ಅಪ್ಪಣೆಯಾಗಿತ್ತು. ಎರಡು ದಿನ ಎತ್ತಲಿಲ್ಲ. ಮೂರನೆಯ ದಿನ ನಾನೇ ಫೋನ್ ಮಾಡಿ, ಅದು ತಯಾರಿರಲಿಲ್ಲ, ಗೊತ್ತಿದ್ದೂ ಹೇಳಿದೆ, ತಪ್ಪಾಯಿತು ಅಂದೆ. ಈ ಸುದ್ದಿ ಆಫೀಸಿಗೆ ತಲುಪಿದ ಮೇಲೆ ಮೀಟಿಂಗ್‌ನಲ್ಲಿ ಏನಾಯಿತೆಂದು ನೀವೇ ಊಹಿಸಿ. ಆ ಸಂಜೆಯೇ ರಾಜೀನಾಮೆ ಬರೆದೆ.

ಕೈಯಲ್ಲಿ ಬೇರೆ ಕೆಲಸವಿಲ್ಲ, ಮನೆ ಸಾಲದ ಕಂತಿದೆ. ನಮ್ಮ ಯಜಮಾನರು ಬೈಯಲಿಲ್ಲ, ಕ್ಯಾಲ್ಕ್ಯುಲೇಟರ್ ತಂದರು. 90 ದಿನದ ನೋಟಿಸ್ ಮುಗಿದಾಗ ನನ್ನ ಸೇವೆ 4 ವರ್ಷ 2 ತಿಂಗಳು. ಗ್ರಾಚ್ಯುಟಿಗೆ 5 ವರ್ಷ ಬೇಕು. ಮೂಲ ವೇತನ 52,000, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 30,000. ಐದು ವರ್ಷಕ್ಕೆ ಒಂದೂವರೆ ಲಕ್ಷ, ಅಷ್ಟೂ ಹೋಯಿತು. ಅತ್ತೆಯವರು "ಹತ್ತು ತಿಂಗಳು ತಡೀಬಹುದಿತ್ತು" ಅಂದರು. ಲೆಕ್ಕ ಅವರದ್ದೇ ಸರಿ. ಪಿ.ಎಫ್. ಹಣ ಮಾತ್ರ ಮುಟ್ಟಲಿಲ್ಲ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ, ಯು.ಎ.ಎನ್. ಅದೇ ಇದ್ದರೆ ಹೊಸ ಕಂಪನಿಗೆ ವರ್ಗಾಯಿಸಬಹುದು.

ಇಲ್ಲೊಂದು ಮಾತು ಸೇರಿಸುತ್ತೇನೆ. ನನಗಾದದ್ದು ಬರೀ ಕಿರುಚಾಟ. ಲೈಂಗಿಕ ಕಿರುಕುಳವಾದರೆ ದಾರಿ ಬೇರೆ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಕೊಡಬೇಕು. "ನೋಡೋಣ" ಅಂತ ದಿನ ಕಳೆಯಬೇಡಿ.

ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಸಂದರ್ಶನಗಳಲ್ಲಿ "ಯಾಕೆ ಬಿಟ್ಟಿರಿ" ಎಂಬುದು ಮೊದಲ ಪ್ರಶ್ನೆ, "ಚಿಕ್ಕ ಮಗು ಇದೆ, ಪ್ರವಾಸ ಹೇಗೆ" ಎಂಬುದು ಎರಡನೆಯದು. ಎರಡನೆಯದನ್ನು ನಮ್ಮ ಯಜಮಾನರಿಗೆ ಯಾರೂ ಕೇಳಿಲ್ಲ ಬಿಡಿ. ಮೊದಮೊದಲು ಹಳೆಯ ಮ್ಯಾನೇಜರನ್ನು ಬೈದೆ, ಎದುರಿದ್ದವರ ಮುಖ ಗಂಟಾಯಿತು. ಆಮೇಲೆ ಒಂದೇ ವಾಕ್ಯ: "ತಯಾರಿಲ್ಲದ್ದನ್ನು ಇದೆ ಎಂದು ಮಾರಲು ನನಗೆ ಆಗಲಿಲ್ಲ."

ನಾನೂ ಕೇಳಲು ಕಲಿತೆ. ಈ ಕುರ್ಚಿ ಯಾಕೆ ಖಾಲಿಯಾಯಿತು? ಹೋದ ವರ್ಷ ತಂಡದಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದರು? ಕಮಿಷನ್ ಆರ್ಡರ್ ಬಂದಾಗಲೋ, ಗ್ರಾಹಕರ ಹಣ ಬಂದಾಗಲೋ? ಒಂದು ಕಡೆ ಎರಡನೆಯ ಪ್ರಶ್ನೆಗೆ "ನೀವೇ ಮೊದಲಿಗರಾಗಿ" ಎಂದು ನಕ್ಕರು. ಸಂಬಳ ಹೆಚ್ಚಿತ್ತು, ಕಂತು ನೆನಪಾಗಿ ಹೊಟ್ಟೆ ಹಿಂಡಿತು, ಆದರೂ ಬೇಡವೆಂದೆ.

ಈಗಿನ ಕಂಪನಿಯವರು ಹಳೆಯ ಗ್ರಾಹಕರೊಬ್ಬರ ನಂಬರ್ ಕೇಳಿದರು. ಯೋಚಿಸಿ ಯೋಚಿಸಿ ಬೆಳಗಾವಿಯವರದ್ದೇ ಕೊಟ್ಟೆ, ಅವರನ್ನು ಮೊದಲು ಕೇಳಿಯೇ. ಅವರು ಹೇಳಿದ್ದನ್ನು ಆಮೇಲೆ ನನಗೆ ತಿಳಿಸಿದರು: "ಸುಳ್ಳ ಹೇಳಿ ಮಾರ್ಯಾರ. ಆದ್ರ ಸುಳ್ಳಂತ ಒಪ್ಪಿಕೊಂಡಾಕಿ ಅಕಿ ಒಬ್ಬಾಕಿನ." ಇದನ್ನು ಹೊಗಳಿಕೆ ಅನ್ನಬೇಕೋ ಏನೋ, ಕೆಲಸವಂತೂ ಸಿಕ್ಕಿತು.

ಸ್ಥಿರ ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ. ಇಲ್ಲಿಯೂ ಟಾರ್ಗೆಟ್ ಇದೆ, ಹೋದ ಕ್ವಾರ್ಟರ್ ನಾನು ಮುಟ್ಟಲಿಲ್ಲ. ಮ್ಯಾನೇಜರ್ ಕರೆದು ಕೂರಿಸಿ, ಯಾವ ಆರ್ಡರ್ ಎಲ್ಲಿ ನಿಂತಿದೆ ಎಂದು ಒಂದೊಂದಾಗಿ ಕೇಳಿದರು. ಹೊರಗೆ ಬಂದು ನೋಡಿದರೆ ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

ರೆಸ್ಯೂಮೆ ತೋರಿಸಬೇಕು ಎಂದವರು ಊಟದ ಹೊತ್ತಿಗೆ ನನ್ನ ಪಕ್ಕ ಕೂತುಕೊಳ್ಳಿ.