ಹೆಸರು ತಿಳಿಸುವ ಯಂತ್ರದಲ್ಲಿ ಬಿರುಕು

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಹೆಸರಿಗೆ ತಕ್ಕ ಅಂಕಿಯನ್ನು ತಿಳಿಸುವ ಕಾರ್ಯ ಡೊಮೇನ್ ನೇಮ್ ಸರ್ವರ್‌ಗಳದು. ಅಮೆರಿಕದ ಬರ್ಕ್‌ಲಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಬೈಂಡ್' ಎಂಬ ತಂತ್ರಾಂಶ ಇದಕ್ಕಾಗಿ ವ್ಯಾಪಕ ಬಳಕೆಗೆ ಬಂದಿತು.

2001ರ ಜನವರಿ 29ರಂದು ಇದರ ಎಂಟನೆಯ ಆವೃತ್ತಿಯ ಗಂಭೀರ ದೋಷವೊಂದು ಪ್ರಕಟವಾಯಿತು. ಬಂದ ಕೋರಿಕೆಯನ್ನು ಇರಿಸಿಕೊಳ್ಳಲು ಯಂತ್ರದ ಸ್ಮೃತಿಯಲ್ಲಿ ಗೊತ್ತಾದ ಅಳತೆಯ ಸ್ಥಳವಿರುತ್ತದೆ. ಒಂದು ಸೇರಿನ ಪಾತ್ರೆಗೆ ಎರಡು ಸೇರು ಅಕ್ಕಿ ಸುರಿದರೆ ಹೆಚ್ಚಿನದು ನೆಲಕ್ಕೆ ಚೆಲ್ಲುತ್ತದೆ, ಅಷ್ಟೆ. ಯಂತ್ರದಲ್ಲಿ ಹಾಗಲ್ಲ. ಉಕ್ಕಿದ ಅಕ್ಷರಗಳು ಪಕ್ಕದ ಸ್ಥಳದಲ್ಲಿದ್ದುದನ್ನು ಅಳಿಸಿ ತಾವೇ ಅಲ್ಲಿ ನೆಲೆಸುತ್ತವೆ. ಯಂತ್ರವು ಮುಂದೇನು ಮಾಡಬೇಕೆಂಬ ಸೂಚನೆ ಅಲ್ಲಿದ್ದರೆ, ಆಮೇಲೆ ನಡೆಯುವುದು ಅಕ್ಷರ ಕಳುಹಿಸಿದವನ ಆಜ್ಞೆ. ಕೋರಿಕೆಯ ಸಹಿಯನ್ನು ಪರೀಕ್ಷಿಸುವ ಭಾಗದಲ್ಲಿಯೇ ಈ ಬಿರುಕಿದ್ದುದು ವಿಪರ್ಯಾಸ.

ದೋಷ ಪ್ರಕಟವಾದಾಗಲೇ ದುರಸ್ತಿಗೊಂಡ 8.2.3 ಆವೃತ್ತಿಯೂ ಸಿದ್ಧವಿತ್ತು. ಅದಕ್ಕೆ ಹಣ ತೆರಬೇಕಿರಲಿಲ್ಲ. ಅಳವಡಿಸಬೇಕಾದವರು ಮಾತ್ರ ಆಯಾ ಯಂತ್ರದ ನಿರ್ವಾಹಕರು. ಹಲವರು ಅಳವಡಿಸಲಿಲ್ಲ. ಮಾರ್ಚ್ ತಿಂಗಳಲ್ಲಿ, ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ 'ಲಯನ್' ಎಂಬ ಕುತಂತ್ರಾಂಶವು ಅದೇ ಬಿರುಕಿನ ಮೂಲಕ ಲಿನಕ್ಸ್ ಯಂತ್ರಗಳನ್ನು ಹೊಕ್ಕಿತು. ಗುಪ್ತಪದಗಳ ಕಡತವನ್ನು ಹೊರಗೆ ಸಾಗಿಸಿ, ಕಳ್ಳದಾರಿಗಳನ್ನು ತೆರೆದಿಟ್ಟಿತು. ಆ ಬಳಿಕ ಹೊಸ ಆವೃತ್ತಿಯನ್ನು ಹಾಕಿದರೂ ಆ ದಾರಿಗಳು ಮುಚ್ಚುತ್ತಿರಲಿಲ್ಲ. ಯಂತ್ರವನ್ನು ಬರಿದು ಮಾಡಿ ಮೊದಲಿನಿಂದ ಸಜ್ಜುಗೊಳಿಸಿ, ಗುಪ್ತಪದಗಳನ್ನೆಲ್ಲ ಬದಲಿಸುವುದೊಂದೇ ನಂಬತಕ್ಕ ಮಾರ್ಗವಾಗಿತ್ತು.