ಪತ್ರಕರ್ತ ಎಂದು ಯಾರನ್ನು ಎಣಿಸಬೇಕು?

1949ರ ಫೆಬ್ರುವರಿಯ ಒಂದು ವಾರ ಅಮೆರಿಕದ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದ ಸಂಪಾದಕರೊಬ್ಬರು, ತಾವು ಕೈಬಿಟ್ಟ ಸುದ್ದಿಸಂಸ್ಥೆಗಳ ಪ್ರತಿಗಳನ್ನು ಕಸದ ಬುಟ್ಟಿಗೆ ಹಾಕದೆ ಎತ್ತಿಟ್ಟರು. ಪಾಳಿ ಮುಗಿದ ಮೇಲೆ ಕುಳಿತು, ಯಾಕೆ ಬಿಟ್ಟೆ ಎಂದು ಒಂದೊಂದರ ಮೇಲೂ ಕಾರಣ ಬರೆದರು. ಬಂದ ಸುದ್ದಿಯಲ್ಲಿ ಅವರು ಅಚ್ಚಿಗೆ ಕೊಟ್ಟದ್ದು ಸುಮಾರು ಹತ್ತನೇ ಒಂದು ಭಾಗ. ಆ ಪ್ರತಿಗಳನ್ನು ಇಟ್ಟುಕೊಂಡು ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆ ಸಂಪಾದಕರಿಗೆ 'ಮಿಸ್ಟರ್ ಗೇಟ್ಸ್' ಎಂದು ಹೆಸರಿಟ್ಟರು. ನಮ್ಮ ಪತ್ರಿಕೋದ್ಯಮದ ತರಗತಿಗಳಲ್ಲಿ ಇವತ್ತಿಗೂ 'ದ್ವಾರಪಾಲಕ' ಎಂದು ಪಾಠವಾಗುವುದು ಇದೇ. ಪ್ರಬಂಧದ ತೀರ್ಮಾನ ಸರಳವಾಗಿತ್ತು: ಆಯ್ಕೆಯಲ್ಲಿ ಆ ವ್ಯಕ್ತಿಯ ಅಭಿರುಚಿ, ಪೂರ್ವಗ್ರಹಗಳ ಪಾಲು ದೊಡ್ಡದು. ಆದರೆ ಮುಂದೆ ಅದೇ ಅಂಕಿಗಳನ್ನು ಮತ್ತೆ ತೆರೆದು ನೋಡಿದವರಿಗೆ ಬೇರೆಯೇ ಕಂಡಿತು. ರಾಜಕೀಯ, ಅಪರಾಧ, ಮಾನವಾಸಕ್ತಿ ಎಂಬ ಬಗೆಗಳು ಗೇಟ್ಸ್ ಅವರ ಪುಟದಲ್ಲಿ ಯಾವ ಪ್ರಮಾಣದಲ್ಲಿದ್ದವೋ, ಸುದ್ದಿಸಂಸ್ಥೆ ಕಳಿಸಿದ ರಾಶಿಯಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿದ್ದವು. ಬಾಗಿಲಲ್ಲಿ ನಿಂತವರು ಆರಿಸುವ ಮೊದಲೇ ದೂರದಲ್ಲಿ ಯಾರೋ ಆರಿಸಿ ಕಳಿಸಿದ್ದರು. ಅವರನ್ನು ಯಾರೂ ಮಾತನಾಡಿಸಿರಲಿಲ್ಲ.

ಈ ಸಂಜೆ ನಾನು ಮುಂದಿಡುವ ವಾದ ಇದರ ಮೇಲೆಯೇ ನಿಂತಿದೆ. ಪತ್ರಕರ್ತರ ಕೆಲಸವನ್ನು ಅಧ್ಯಯನ ಮಾಡುವವರಿಗೆ ಕೈಗೆ ಸಿಗುವ ಪತ್ರಕರ್ತನೇ ಇಡೀ ವೃತ್ತಿಯ ಮುಖವಾಗಿ ಕಾಣುತ್ತಾನೆ. ಡಿಜಿಟಲ್ ಕಾಲ ಇದನ್ನು ಸರಿಪಡಿಸಬಹುದಿತ್ತು. ಬದಲಿಗೆ ಇನ್ನಷ್ಟು ಹೆಚ್ಚಿಸಿದೆ.

1960 ಮತ್ತು 1970ರ ದಶಕಗಳಲ್ಲಿ ಸಮಾಜಶಾಸ್ತ್ರಜ್ಞರು ಸುದ್ದಿಮನೆಯೊಳಗೇ ಹೋಗಿ ಕುಳಿತರು. ಅಮೆರಿಕದಲ್ಲಿ ಗೇ ಟಕ್‌ಮನ್ ಮತ್ತು ಹರ್ಬರ್ಟ್ ಗ್ಯಾನ್ಸ್, ಬ್ರಿಟನ್ನಿನ ಬಿಬಿಸಿಯಲ್ಲಿ ಫಿಲಿಪ್ ಶ್ಲೆಸಿಂಜರ್. ವಸ್ತುನಿಷ್ಠತೆ ಎಂದು ನಾವು ಗೌರವದಿಂದ ಕರೆಯುವುದು ಬಹುಪಾಲು ಒಂದು ಆಚರಣೆ, ಎರಡೂ ಕಡೆಯವರ ಹೇಳಿಕೆ ಹಾಕಿ ಮಾನನಷ್ಟ ಮೊಕದ್ದಮೆಯಿಂದಲೂ ಮೇಲಿನವರ ಬೈಗುಳದಿಂದಲೂ ಪಾರಾಗುವ ಉಪಾಯ ಎಂದು ಟಕ್‌ಮನ್ ತೋರಿಸಿಕೊಟ್ಟರು. ಪತ್ರಕರ್ತರು ಬರೆಯುವಾಗ ಓದುಗರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತಮ್ಮ ಮೇಲಧಿಕಾರಿಗಳಿಗಾಗಿ, ಸಹೋದ್ಯೋಗಿಗಳಿಗಾಗಿ, ತಮಗಾಗಿ ಬರೆಯುತ್ತಾರೆ ಎಂದರು ಗ್ಯಾನ್ಸ್. ಇವು ಇವತ್ತು ಓದಿದರೂ ಹಳಸದ ಪುಸ್ತಕಗಳು. ಆದರೆ ಎಲ್ಲರೂ ಹೋಗಿ ಕುಳಿತದ್ದು ದೊಡ್ಡ ಸಂಸ್ಥೆಗಳಲ್ಲಿ. ಗ್ಯಾನ್ಸ್ ಆರಿಸಿಕೊಂಡವು ಸಿಬಿಎಸ್, ಎನ್‌ಬಿಸಿ, ಟೈಮ್, ನ್ಯೂಸ್‌ವೀಕ್. ನಾಲ್ಕು ಗೋಡೆಯ ನಡುವೆ, ಸಂಬಳದ ಪಟ್ಟಿಯಲ್ಲಿ ಹೆಸರಿದ್ದು, ಮೇಜು ಕುರ್ಚಿ ಇದ್ದವನೇ ಪತ್ರಕರ್ತ ಎಂಬ ಚಿತ್ರ ಅಲ್ಲಿಂದ ಗಟ್ಟಿಯಾಯಿತು. ಕಾರಿನ್ ವಾಲ್ ಯೋರ್ಗೆನ್ಸನ್ ಅವರಂಥ ವಿದ್ವಾಂಸರು ಈ ಸುದ್ದಿಮನೆಯ ವ್ಯಾಮೋಹವನ್ನು ಕಟುವಾಗಿಯೇ ಟೀಕಿಸಿದ್ದಾರೆ.

ಅಷ್ಟರಲ್ಲಿ ಸುದ್ದಿಮನೆಯೇ ಚದುರಿತು. ವಿಶ್ವಸಂಸ್ಥೆಯಿಂದ ಬೇರ್ಪಟ್ಟು 2015ರಲ್ಲಿ ಸ್ವತಂತ್ರವಾದ 'ಐರಿನ್' ಎಂಬ ಸುದ್ದಿಸಂಸ್ಥೆಯ ಪತ್ರಕರ್ತರು ಬೇರೆ ಬೇರೆ ದೇಶಗಳಲ್ಲಿದ್ದು, ಸ್ಲ್ಯಾಕ್ ಎಂಬ ಆ್ಯಪ್‌ನಲ್ಲೇ ಕೂಡಿ ಕೆಲಸ ಮಾಡುತ್ತಿದ್ದರು. ಮೆಲ್ ಬನ್ಸ್ ಮತ್ತು ಅವರ ಜೊತೆಗಾರರು ಆ ಆ್ಯಪ್ಪನ್ನೇ ಸುದ್ದಿಮನೆಯೆಂದು ತಿಳಿದು ಅಧ್ಯಯನ ಮಾಡಿದರು. ಇದು ಒಳ್ಳೆಯ ದಾರಿ. ಬಹಳಷ್ಟು ಸಂಶೋಧನೆ ಹಿಡಿದ ದಾರಿ ಮಾತ್ರ ಬೇರೆ. ಟ್ವಿಟರ್ ತನ್ನ ಮಾಹಿತಿಯನ್ನು ಸಂಶೋಧಕರಿಗೆ ಬಿಟ್ಟಿಯಾಗಿ ಕೊಡುತ್ತಿದ್ದ ವರ್ಷಗಳಲ್ಲಿ ಪತ್ರಕರ್ತರ ಟ್ವೀಟುಗಳ ಮೇಲೆ ಪ್ರಬಂಧಗಳು ಸಾಲುಗಟ್ಟಿದವು. ಟ್ವಿಟರ್ ಅಷ್ಟು ಮುಖ್ಯ ಎಂದಲ್ಲ, ಅದು ಇಳಿಸಿಕೊಳ್ಳಲು ಸುಲಭ ಎಂದು. 2023ರಲ್ಲಿ ಆ ಬಾಗಿಲು ಮುಚ್ಚಿತು. ಫೇಸ್‌ಬುಕ್ ಪುಟಗಳನ್ನು ಗಮನಿಸಲು ಬಳಕೆಯಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು ಮೆಟಾ ಕಂಪನಿ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ವೃತ್ತಿಯೊಂದರ ಬಗೆಗಿನ ನಮ್ಮ ತಿಳಿವಳಿಕೆ ಎರಡು ಕಂಪನಿಗಳ ಮರ್ಜಿಯ ಮೇಲೆ ನಿಂತಿತ್ತು ಎಂಬುದು ಆಗ ಬಯಲಾಯಿತು. ಇನ್ನೂ ಒಂದು ಸಂಗತಿಯಿದೆ. ಟ್ವೀಟು, ಬೈಲೈನು, ಪ್ರಕಟವಾದ ವರದಿ ಇವೆಲ್ಲ ಕೆಲಸ ಮುಗಿದ ಮೇಲೆ ಉಳಿಯುವ ಗುರುತುಗಳು. ಹತ್ತು ಲಕ್ಷ ವರದಿಗಳನ್ನು ಕಂಪ್ಯೂಟರಿಗೆ ಓದಿಸಿದರೂ ಯಾವ ವರದಿಯನ್ನು ಯಾರು ತಂದರು, ಯಾರು ತಿದ್ದಿ ಬರೆದರು, ಯಾರ ಹೆಸರು ಬಿಟ್ಟುಹೋಯಿತು ಎಂಬುದು ಅದರಿಂದ ಹೊರಡುವುದಿಲ್ಲ.

ಅಂಕಿಸಂಖ್ಯೆ ಬೇಡ ಎನ್ನುವವನು ನಾನಲ್ಲ. ಸುದ್ದಿಮನೆಗೆ ಬಂದಿರುವ ಅಂಕಿಗಳ ಬಗ್ಗೆ ನಡೆದ ಅಧ್ಯಯನಗಳನ್ನೇ ತೆಗೆದುಕೊಳ್ಳಿ. ಯಾವ ವರದಿಯನ್ನು ಈ ಕ್ಷಣ ಎಷ್ಟು ಮಂದಿ ಓದುತ್ತಿದ್ದಾರೆ ಎಂದು ಚಾರ್ಟ್‌ಬೀಟ್‌ನಂಥ ಸಾಧನಗಳು ಪರದೆಯ ಮೇಲೆ ತೋರಿಸುತ್ತಲೇ ಇರುತ್ತವೆ. ಗ್ಯಾನ್ಸ್ ಕಂಡ, ಓದುಗರನ್ನು ಕಡೆಗಣಿಸುತ್ತಿದ್ದ ಪತ್ರಕರ್ತ ಇದರಿಂದ ಬದಲಾದನೇ? ಏಂಜೆಲ್ ಕ್ರಿಸ್ಟಿನ್ ನ್ಯೂಯಾರ್ಕಿನ ಒಂದು, ಪ್ಯಾರಿಸ್ಸಿನ ಒಂದು ವೆಬ್ ಪತ್ರಿಕೆಯಲ್ಲಿ ಕುಳಿತು ನೋಡಿ 2020ರಲ್ಲಿ ಪುಸ್ತಕ ಬರೆದರು. ಎರಡೂ ಕಡೆ ಇದ್ದದ್ದು ಒಂದೇ ಬಗೆಯ ಅಂಕಿ. ನ್ಯೂಯಾರ್ಕಿನಲ್ಲಿ ಸಂಪಾದಕರು ಕ್ಲಿಕ್ಕುಗಳನ್ನು ನೋಡಿ ತೀರ್ಮಾನ ಮಾಡುತ್ತಿದ್ದರು, ಬರೆಯುವವರು ಹೆಚ್ಚು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಸಂಪಾದಕರು ಅಂಕಿಗಳ ಬಗ್ಗೆ ಅರೆಮನಸ್ಸಿನಲ್ಲಿದ್ದರೆ ಬರೆಯುವವರೇ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಒದ್ದಾಡುತ್ತಿದ್ದರು. ಕೇಟ್ಲಿನ್ ಪೀಟರ್ ಅವರ 2021ರ ಪುಸ್ತಕದಲ್ಲಿ ಗಾಕರ್ ಸಂಸ್ಥೆ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ದೊಡ್ಡ ಪರದೆಯಲ್ಲಿ ಹಾಕುತ್ತಿತ್ತು; ನ್ಯೂಯಾರ್ಕ್ ಟೈಮ್ಸ್ ಅವು ಎಲ್ಲರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿತ್ತು. ಒಂದೇ ಅಂಕಿ ಒಂದು ಮನೆಯಲ್ಲಿ ಮೇಲಿನವರ ಆಜ್ಞೆ, ಇನ್ನೊಂದರಲ್ಲಿ ಒಳಗಿನ ಅಂಜಿಕೆ. ತಂತ್ರಜ್ಞಾನ ಪತ್ರಿಕೋದ್ಯಮವನ್ನು ಬದಲಿಸಿತು ಎಂದು ಒಂದೇ ಮಾತಿನಲ್ಲಿ ಹೇಳುವವರಿಗೆ ಇವರಿಬ್ಬರ ಪುಸ್ತಕಗಳೇ ಉತ್ತರ. ಬದಲಾವಣೆ ಬರುವುದು ಯಂತ್ರದಿಂದ ಮಾತ್ರವಲ್ಲ. ಯಾರಿಗೆ ಯಾರು ಉತ್ತರ ಕೊಡಬೇಕು, ಯಾರ ಕೆಲಸ ಭದ್ರ, ಯಾರದು ಅಲ್ಲ ಎಂಬುದರಿಂದಲೂ ಬರುತ್ತದೆ.

ಹಾಗಾದರೆ ಪತ್ರಕರ್ತ ಎಂದು ಯಾರನ್ನು ಎಣಿಸಬೇಕು? ಈ ಕ್ಷೇತ್ರದ ಅತಿ ದೊಡ್ಡ ಸಮೀಕ್ಷೆಗಳಲ್ಲಿ ಒಂದು, ಜರ್ಮನಿಯ ಥಾಮಸ್ ಹಾನಿಟ್ಜ್ ಮುಂದಾಳತ್ವದ 'ವರ್ಲ್ಡ್ಸ್ ಆಫ್ ಜರ್ನಲಿಸಂ'. 2012ರಿಂದ 2016ರವರೆಗೆ ಅದು ಭಾರತವೂ ಸೇರಿ 67 ದೇಶಗಳ 27,500ಕ್ಕೂ ಹೆಚ್ಚು ಪತ್ರಕರ್ತರನ್ನು ಮಾತನಾಡಿಸಿತು. ಆ ಸುತ್ತಿನಲ್ಲಿ ಪತ್ರಕರ್ತ ಎನಿಸಿಕೊಳ್ಳಲು ಒಬ್ಬರ ಆದಾಯದ ಅರ್ಧದಷ್ಟಾದರೂ ಸುದ್ದಿ ಮಾಧ್ಯಮದ ಕೆಲಸದಿಂದ ಬಂದಿರಬೇಕಿತ್ತು. ನಮ್ಮ ಕಾನೂನು ಇದಕ್ಕಿಂತ ಬಹಳ ಹಿಂದೆಯೇ ಹೆಚ್ಚುಕಡಿಮೆ ಅದೇ ಗೆರೆ ಎಳೆದಿತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಲ್ಲಿ ಪತ್ರಿಕೋದ್ಯಮವೇ ಮುಖ್ಯ ವೃತ್ತಿಯಾಗಿದ್ದು ಪತ್ರಿಕಾ ಸಂಸ್ಥೆಯಲ್ಲಿ ನೇಮಕಗೊಂಡವನೇ ಪತ್ರಕರ್ತ. ಅವನಿಂದ ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳಬಾರದು ಎಂದೂ ಅದರಲ್ಲಿತ್ತು. ಫೋನ್ ಕೈಯಲ್ಲಿ ಹಿಡಿದು ರಾತ್ರಿ ಹಗಲೆನ್ನದೆ ಸುದ್ದಿ ಕಳಿಸುವ ಇವತ್ತಿನ ವರದಿಗಾರರಿಗೆ ಇದು ಪುರಾಣದ ಮಾತಿನಂತೆ ಕೇಳೀತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ವ್ಯಾಖ್ಯೆಯನ್ನು ಹಿಗ್ಗಿಸಿ ವಿದ್ಯುನ್ಮಾನ, ಡಿಜಿಟಲ್ ಮಾಧ್ಯಮಗಳನ್ನೂ ಒಳಗೆ ತಂದಿತು. ಆದರೆ ಮುಖ್ಯ ವೃತ್ತಿ ಎಂಬ ಷರತ್ತು ಹಾಗೆಯೇ ಉಳಿಯಿತು.

ಈ ಗೆರೆಯ ಆಚೆ ಉಳಿದವರು ಯಾರು? ತಾಲ್ಲೂಕು ಕೇಂದ್ರದಲ್ಲಿದ್ದು ಒಂದು ಪತ್ರಿಕೆಗೂ ಒಂದು ಚಾನೆಲ್ಲಿಗೂ ಸುದ್ದಿ ಕಳಿಸುತ್ತ, ಜೊತೆಗೆ ಅಂಗಡಿಯೋ ಜೆರಾಕ್ಸ್ ಕೇಂದ್ರವೋ ತೋಟವೋ ಇಟ್ಟುಕೊಂಡಿರುವ ಬಿಡಿ ಸುದ್ದಿಗಾರರು. ಸೇವಂತಿ ನಿನಾನ್ 2007ರಲ್ಲಿ ಹಿಂದಿ ಪತ್ರಿಕೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥವರನ್ನು ವಿವರವಾಗಿ ಕಾಣಬಹುದು: ಸುದ್ದಿಯ ಜೊತೆಗೆ ಜಾಹೀರಾತನ್ನೂ ತರಬೇಕಾದವರು, ಬರಹಕ್ಕೆ ಸಿಗುವುದಕ್ಕಿಂತ ಜಾಹೀರಾತಿನ ಕಮಿಷನ್ನನ್ನೇ ಹೆಚ್ಚು ನೆಚ್ಚಬೇಕಾದವರು. ಕಾಸಿಗಾಗಿ ಸುದ್ದಿಯ ಕುರಿತು ಪರಂಜಯ್ ಗುಹಾ ಠಾಕುರ್ತಾ ಮತ್ತು ಶ್ರೀನಿವಾಸ ರೆಡ್ಡಿ 2010ರಲ್ಲಿ ಪತ್ರಿಕಾ ಮಂಡಳಿಗೆ ಕೊಟ್ಟ ವರದಿಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ನೀತಿಯ ಪ್ರಶ್ನೆಯೆಂದು ನಾವು ಭಾಷಣ ಮಾಡುವುದರಲ್ಲಿ ಬಹುಪಾಲು ಕೂಲಿಯ ಪ್ರಶ್ನೆ ಎಂದು ತಿಳಿಯುತ್ತದೆ. ಭಾರತದ ಸುದ್ದಿಮನೆಗಳ ಬಗ್ಗೆ, ಒಳಗೆ ಕುಳಿತು ನೋಡಿದ ಒಳ್ಳೆಯ ಅಧ್ಯಯನಗಳು ಇಲ್ಲವೆಂದಲ್ಲ. ಪೆರ್ ಸ್ಟಾಲ್‌ಬರ್ಗ್ 2002ರಲ್ಲಿ, ಉರ್ಸುಲಾ ರಾವ್ 2010ರಲ್ಲಿ ಲಖನೌದ ಪತ್ರಿಕೆಗಳ ಬಗ್ಗೆ ಪುಸ್ತಕ ತಂದರು. ಸಹನಾ ಉಡುಪ 2015ರ ತಮ್ಮ ಪುಸ್ತಕದಲ್ಲಿ ಬೆಂಗಳೂರಿನ ಇಂಗ್ಲಿಷ್ ಮತ್ತು ಕನ್ನಡ ಪತ್ರಕರ್ತರನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡ ಓದುಗರು ಅದನ್ನು ಇನ್ನೂ ಹೆಚ್ಚು ಚರ್ಚಿಸಬೇಕಿತ್ತು. ಆದರೆ ಮೂರೂ ರಾಜಧಾನಿಗಳ ಕಥೆ. ಕರ್ನಾಟಕದ 31 ಜಿಲ್ಲೆಗಳಿಂದ ಬರುವ ಸುದ್ದಿ ಯಾರ ಕೈಯಿಂದ, ಯಾವ ಸಂಭಾವನೆಗೆ, ಯಾವ ಒತ್ತಡದಲ್ಲಿ ಹೊರಡುತ್ತದೆ ಎಂಬುದಕ್ಕೆ ಇವುಗಳಲ್ಲಿ ಉತ್ತರ ಹುಡುಕಲಾಗದು.

ಈ ಬಿಡಿ ಸುದ್ದಿಗಾರರನ್ನೂ ಪತ್ರಕರ್ತರೆಂದು ಎಣಿಸಬೇಕು ಎಂದರೆ ಅದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಗೆರೆ ಅಳಿಸಿದರೆ ಫೋನಿದ್ದವರೆಲ್ಲ ಪತ್ರಕರ್ತರಾಗುತ್ತಾರೆ, ಯೂಟ್ಯೂಬಿನಲ್ಲಿ ಕೂಗಾಡುವವನೂ ಕಡತ ಓದಿ ಹಗರಣ ಹೊರತರುವವನೂ ಒಂದೇ ಪಟ್ಟಿಗೆ ಸೇರುತ್ತಾರೆ, ಆಮೇಲೆ ಅಧ್ಯಯನ ಮಾಡಲು ವಸ್ತುವೇ ಉಳಿಯುವುದಿಲ್ಲ ಎಂದು. ಗೆರೆ ಬೇಕು, ಒಪ್ಪುತ್ತೇನೆ. ಅದನ್ನು ಆದಾಯದ ಮೇಲೆ ಎಳೆಯಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ. ಒಬ್ಬರು ನಿಯಮಿತವಾಗಿ ಘಟನೆಯ ಜಾಗಕ್ಕೆ ಹೋಗುತ್ತಾರೆಯೇ, ಕೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸುತ್ತಾರೆಯೇ, ಅವರ ಬರಹವನ್ನು ಒಂದು ಡೆಸ್ಕ್ ಒಪ್ಪುತ್ತದೆಯೇ ಅಥವಾ ಅದಕ್ಕೆ ತಾವೇ ಹೆಸರು ಕೊಟ್ಟು ಹೊಣೆ ಹೊರುತ್ತಾರೆಯೇ ಎಂದು ಕೇಳಿದರೆ ಕೂಗಾಡುವವನು ತಾನಾಗಿಯೇ ಹೊರಗುಳಿಯುತ್ತಾನೆ, ತಾಲ್ಲೂಕಿನ ಸುದ್ದಿಗಾರ ಒಳಗೆ ಬರುತ್ತಾನೆ. ಅರ್ಧ ಆದಾಯದ ನಿಯಮ ಮಾಡುವುದು ಇದರ ತಿರುಗುಮುರುಗು. ಎಷ್ಟು ಕಡಿಮೆ ಕೂಲಿ ಕೊಡುತ್ತೇವೋ ಅಷ್ಟು ಬೇಗ ಆತ ಸಂಶೋಧನೆಯಿಂದಲೂ ಮರೆಯಾಗುತ್ತಾನೆ. ಜಾಹೀರಾತು ತರುವವನನ್ನು ಪತ್ರಕರ್ತ ಎಂದರೆ ವೃತ್ತಿಯ ಮರ್ಯಾದೆ ಹೋಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಹೋಗಬಹುದು. ಸಮೀಕ್ಷೆ ನಡೆಸುವುದು ಮರ್ಯಾದೆ ಕಾಯುವುದಕ್ಕಲ್ಲವಲ್ಲ.

ದುಡಿಮೆಯನ್ನು ಎಣಿಸುವುದು ನಮಗೆ ಹೊಸದೇನಲ್ಲ. ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ಅಧ್ಯಕ್ಷತೆಯ ಮೊದಲ ಪತ್ರಿಕಾ ಆಯೋಗ 1954ರಲ್ಲಿ ಕೊಟ್ಟ ವರದಿಯಲ್ಲಿ ಪತ್ರಕರ್ತರ ಸಂಬಳ, ಸೇವಾಸ್ಥಿತಿಗಳ ವಿಚಾರಣೆ ಇತ್ತು. 1955ರ ಕಾಯ್ದೆ ಹುಟ್ಟಿದ್ದು ಅದರ ಬೆನ್ನಿಗೆ. ಮುಂದೆ ನ್ಯಾಯಮೂರ್ತಿ ದಿವಾಟಿಯಾ ಅವರಿಂದ ಮಜೀಠಿಯಾ ಅವರವರೆಗೆ ಹಲವರ ಮುಂದಾಳತ್ವದಲ್ಲಿ ವೇತನ ಮಂಡಳಿಗಳು ಬಂದವು. ಅಮೆರಿಕದ ವಿದ್ವಾಂಸರು ದ್ವಾರಪಾಲಕನ ಮನಸ್ಸನ್ನು ಓದುತ್ತಿದ್ದ ಕಾಲದಲ್ಲಿ ಭಾರತದಲ್ಲಿ ಪತ್ರಕರ್ತನ ಸಂಬಳದ ಚೀಟಿಯನ್ನು ಓದಲಾಗುತ್ತಿತ್ತು. ಆ ಪರಂಪರೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಲಿಲ್ಲ. ನಮ್ಮ ಪಠ್ಯಗಳಲ್ಲಿ ದ್ವಾರಪಾಲಕ ಬಂದ, ವೇತನ ಮಂಡಳಿ ಕಾರ್ಮಿಕ ಸಂಘದ ಕರಪತ್ರದಲ್ಲೇ ಉಳಿಯಿತು.

ಸಂಬಳದ ಚೀಟಿಯಲ್ಲೂ ಸಿಗದ ದುಡಿಮೆ ಈಗ ಸೇರಿಕೊಂಡಿದೆ. ವರದಿ ಬರೆದವರೇ ಫೋಟೊ, ವಿಡಿಯೊ ತೆಗೆದು, ವೆಬ್ ಡೆಸ್ಕಿಗೊಂದು ಕಳಿಸಿ, ಮುದ್ರಣಕ್ಕೆ ಇನ್ನೊಂದು ಬರೆದು, ಕೊನೆಗೆ ಕಮೆಂಟುಗಳ ಬೈಗುಳವನ್ನೂ ಸಹಿಸಬೇಕು. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಪತ್ರಕರ್ತರ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಮಹಿಳೆಯರಲ್ಲಿ ಶೇ 73 ಮಂದಿ ಆನ್‌ಲೈನ್ ಹಿಂಸೆ ಎದುರಿಸಿದ್ದರು. ಇಂಥ ಸಮೀಕ್ಷೆಗೆ ತಾವಾಗಿ ಉತ್ತರಿಸುವವರಲ್ಲಿ ನೊಂದವರೇ ಹೆಚ್ಚಿರಬಹುದು. ಆ ಎಚ್ಚರವಿಟ್ಟುಕೊಂಡೇ ಓದಿದರೂ ಸಂಖ್ಯೆ ಸಣ್ಣದಲ್ಲ.

ಈ ದುಡಿಮೆಯೆಲ್ಲ ನಡೆಯುವ ಜಾಗ ಮಾತ್ರ ಟ್ವಿಟರ್ ಅಲ್ಲ. ಸುದ್ದಿ ಮೊದಲು ಬಂದು ಬೀಳುವುದು ವಾಟ್ಸ್ಆ್ಯಪ್ ಗುಂಪಿಗೆ. ಪೊಲೀಸರ ಪ್ರಕಟಣೆ, ಶಾಸಕರ ಕಚೇರಿಯ ಫೋಟೊ, ಡೆಸ್ಕಿನ ತಗಾದೆ, ಬೇರೆ ಪತ್ರಿಕೆಯ ಗೆಳೆಯ ಹಂಚಿಕೊಂಡ ಪ್ರತಿ ಎಲ್ಲ ಅಲ್ಲೇ. ಅದನ್ನು ಯಾವ ಸಾಫ್ಟ್‌ವೇರೂ ಇಳಿಸಿಕೊಡುವುದಿಲ್ಲ, ಕೊಡಲೂ ಬಾರದು. ಆ ಗುಂಪಿನಲ್ಲಿ ಹೆಸರು ಹೇಳದೆ ಮಾಹಿತಿ ಕೊಡುವವರಿದ್ದಾರೆ, ಸಂಶೋಧಕನಿಗೆ ಒಪ್ಪಿಗೆ ಕೊಡದವರಿದ್ದಾರೆ. ಅಧ್ಯಯನ ನಿಧಾನವಾದೀತು, ಮಾತಿಗೆ ಸಿಗುವವರು ಕಡಿಮೆಯಾದಾರು, ಪ್ರಬಂಧಗಳ ಸಂಖ್ಯೆ ಇಳಿದೀತು ಎಂಬ ದೂರನ್ನು ಒಪ್ಪಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು. ಗುಂಪಿನೊಳಗೆ ನುಸುಳುವ ಬದಲು ಸುದ್ದಿಗಾರರ ಪಕ್ಕದಲ್ಲಿ ಕುಳಿತು, ಅವರ ಫೋನಿನ ಒಂದು ದಿನವನ್ನು ಅವರಿಂದಲೇ ಓದಿಸಿಕೊಳ್ಳಬೇಕು. ಯಾವ ಸಂದೇಶವನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅವರದೇ ಆಗಿರಬೇಕು. ಆ ಒಂದು ದಿನದ ಕೆಲಸಕ್ಕೆ ಅವರಿಗೆ ಸಿಕ್ಕ ಹಣ ಎಷ್ಟು ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.